ರೆಕ್ಕೆಯ ತುದಿಯ ದೀಪ, ರೆಕ್ಕೆಯಡಿಯ ಕಿಂಡಿ

ರಾತ್ರಿ ಆಕಾಶದಲ್ಲಿ ಒಂದು ಸಣ್ಣ ವಿಮಾನದ ಕೆಂಪು, ಹಸಿರು ದೀಪಗಳೆರಡೂ ಕಂಡು, ಕೆಂಪು ನಿಮ್ಮ ಬಲಕ್ಕಿದ್ದರೆ ಅದು ನಿಮ್ಮತ್ತಲೇ ಬರುತ್ತಿದೆ. ಬರೀ ಬಿಳಿ ಕಂಡರೆ ದೂರ ಸಾಗುತ್ತಿದೆ. ಎಡ ರೆಕ್ಕೆಗೆ ಕೆಂಪು, ಬಲಕ್ಕೆ ಹಸಿರು ಎಂಬ ಕಟ್ಟಳೆ ಹಡಗುಗಳಿಂದ ಬಂದದ್ದು. ಮೂಗಿನ ನೇರದಿಂದ ಎರಡೂ ಬದಿಗೆ 110 ಡಿಗ್ರಿವರೆಗೆ ಬಣ್ಣದ ಬೆಳಕು, ಹಿಂದೆ ಉಳಿದ 140 ಡಿಗ್ರಿಗೆ ಬಾಲದ ಬಿಳಿ ಬೆಳಕು. ಇವುಗಳಲ್ಲಿ ಒಂದು ಆರಿದರೂ ಎದುರಿನ ಪೈಲಟ್ ದಿಕ್ಕನ್ನು ತಪ್ಪಾಗಿ ಓದಬಹುದು.

ಅಮೆರಿಕದ ಸೆಸ್ನಾ 172 ವಿಮಾನ 1956ರಲ್ಲಿ ಮಾರುಕಟ್ಟೆಗೆ ಬಂತು. ಈವರೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ. ನಮ್ಮ ಜಕ್ಕೂರಿನ ವೈಮಾನಿಕ ಶಾಲೆಯಲ್ಲಿ ಕಲಿತ ಅನೇಕರಿಗೂ ಇದು ಪರಿಚಿತ. 1960, 70ರ ದಶಕಗಳ ಎಷ್ಟೋ ಸೆಸ್ನಾಗಳು ಇಂದಿಗೂ ಹಾರುತ್ತಿವೆ. ಅಂಥದ್ದರಲ್ಲಿ ರೆಕ್ಕೆಯ ದೀಪ ಮಂಕಾದರೆ ಎಲ್ಲರೂ ಮೊದಲು ಬಲ್ಬ್ ಬದಲಿಸುತ್ತಾರೆ. ಅಮೆರಿಕದ ನಿಯಮದಂತೆ ಪೈಲಟ್ ಪರವಾನಗಿಯಿರುವ ಮಾಲೀಕ ತಾನೇ ಅದನ್ನು ಬದಲಿಸಿ, ದಾಖಲೆ ಪುಸ್ತಕದಲ್ಲಿ ಬರೆದು ಸಹಿ ಹಾಕಬಹುದು. ಎಂಜಿನ್ನಿನ ಅದುರಾಟಕ್ಕೆ ತಂತಿ ಕಡಿದು ಬಲ್ಬ್ ಹೋಗುವುದು ನಿಜ. ಆದರೆ ಬಲ್ಬ್ ಹೊಸದಾದರೂ ಬೆಳಕು ಮಂಕಾಗಿಯೇ ಉಳಿದರೆ, ವಿದ್ಯುತ್ತು ಹಿಂದಿರುಗುವ ದಾರಿಯನ್ನು ಹುಡುಕಬೇಕು. ಈ ವಿಮಾನಗಳಲ್ಲಿ ದೀಪಕ್ಕೆ ಹೋಗುವುದು ಒಂದೇ ವೈರು. ವಾಪಸಾತಿಗೆ ಅಲ್ಯೂಮಿನಿಯಂ ಮೈಯೇ ಅರ್ತ್. ದೀಪದ ಬುಡದ ಸ್ಕ್ರೂ ಸುತ್ತ ಬಿಳಿ ಪುಡಿಯಂಥ ಕಿಲುಬು ಕಟ್ಟಿದರೆ ಆ ದಾರಿ ಅಲ್ಲೇ ಕಟ್ಟಿಕೊಳ್ಳುತ್ತದೆ. ಉಜ್ಜಿ, ಒರೆಸಿ, ಬಿಗಿ ಮಾಡಿದರೆ ಹಳೆಯ ಬಲ್ಬೇ ಪ್ರಕಾಶಮಾನವಾಗಿ ಉರಿಯುತ್ತದೆ.

ಹಾಗಿದ್ದರೆ ಎಲ್‌ಇಡಿ ಹಾಕಿಬಿಟ್ಟರಾಯಿತಲ್ಲ? ಅದಕ್ಕೊಂದು ತೊಡಕಿದೆ. ಹಳೆಯ ಹಸಿರು ಗಾಜನ್ನು ಕೈಯಲ್ಲಿ ಹಿಡಿದು ನೋಡಿದರೆ ಅದು ನೀಲಿಗೆ ತಿರುಗಿದಂತಿರುತ್ತದೆ. ತಂತಿ ಬಲ್ಬಿನ ಹಳದಿ ಬೆಳಕು ಅದರೊಳಗಿಂದ ಹೊರಬಂದಾಗಲೇ ಸರಿಯಾದ ಹಸಿರು. ಅದೇ ಗಾಜಿನ ಹಿಂದೆ ಸಿಕ್ಕ ಸಿಕ್ಕ ಬಿಳಿ ಎಲ್‌ಇಡಿ ಇಟ್ಟರೆ ಬಣ್ಣ ನೀಲಿಯತ್ತ ಜಾರುತ್ತದೆ. ಆದ್ದರಿಂದ ಆ ವಿಮಾನಕ್ಕೆ ಮಂಜೂರಾದ ದೀಪವನ್ನೇ ಹಾಕಬೇಕು.

ಮಿಂಚಿನಂತೆ ಹೊಳೆಯುವ ಹಳೆಯ ಸ್ಟ್ರೋಬ್ ದೀಪದ ಕಥೆ ಬೇರೆ. ಅದರ ಕೆಪಾಸಿಟರ್ ನೂರಾರು ವೋಲ್ಟ್ ತುಂಬಿಕೊಂಡಿರುತ್ತದೆ, ಸ್ವಿಚ್ ಆರಿಸಿದ ಮೇಲೂ ಕೆಲ ನಿಮಿಷ. ಅದು ಇಳಿಯುವ ಮುನ್ನ ಕೈ ಹಾಕಿದವರ ಜೀವಕ್ಕೇ ಅಪಾಯ.

ಈಗ ರೆಕ್ಕೆಯ ಅಡಿಗೆ ಬನ್ನಿ. ಅಲ್ಲಿ ಅಂಗೈಯಗಲದ ದುಂಡು ಮುಚ್ಚಳಗಳು ಸಾಲಾಗಿವೆ. ಅಮೆರಿಕದಲ್ಲಿ 12 ತಿಂಗಳಿಗೊಮ್ಮೆ ನಡೆಯುವ ತಪಾಸಣೆಯಲ್ಲಿ ಇವನ್ನು ತೆರೆಯಬೇಕು. ಬಾಡಿಗೆಗೆ ಓಡುವ ವಿಮಾನವಾದರೆ ಪ್ರತಿ 100 ಗಂಟೆ ಹಾರಾಟಕ್ಕೆ. ಬಣ್ಣ ಮೆತ್ತಿದ ಸ್ಕ್ರೂಗಳನ್ನು ಬಿಚ್ಚುವುದು ಬೇಸರದ ಕೆಲಸವೇ. ಆದರೆ ರೆಕ್ಕೆಯ ನಿಜಸ್ಥಿತಿ ತಿಳಿಯುವುದು ಇಲ್ಲಿಂದಲೇ. ಪೈಲಟ್ ಚಕ್ರ ತಿರುಗಿಸಿದಾಗ ರೆಕ್ಕೆಯ ಹಿಂಬದಿಯ ಐಲೆರಾನನ್ನು ಎಳೆಯುವ ಉಕ್ಕಿನ ಕೇಬಲ್ ಒಳಗಿನ ರಾಟೆಗಳ ಮೇಲೆ ಹಾದುಹೋಗುತ್ತದೆ. ಮೆಕ್ಯಾನಿಕ್ ಆ ಕೇಬಲ್ಲಿನ ಉದ್ದಕ್ಕೂ ಒಂದು ಬಟ್ಟೆ ಸವರುತ್ತಾನೆ. ಕಣ್ಣಿಗೆ ಕಾಣದ ಒಂದು ಎಳೆ ಕಡಿದಿದ್ದರೂ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಇದಕ್ಕಿಂತ ಸರಳವೂ ಸೊಗಸೂ ಆದ ಪರೀಕ್ಷೆಯನ್ನು ನಾನು ಕಾಣೆ. ರಾಟೆ ತಿರುಗದೆ ಹಿಡಿದುಕೊಂಡಿದ್ದರೆ ಅದರ ಮೈಯಲ್ಲಿ ಕೇಬಲ್ ಕೊರೆದ ಗುರುತಿರುತ್ತದೆ. ಕೆಲವೊಮ್ಮೆ ಇಲಿಯ ಗೂಡೂ ಸಿಗುತ್ತದೆ. ಅದು ನಗುವ ವಿಷಯವಲ್ಲ: ಇಲಿಯ ಮೂತ್ರ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ. ಮುಚ್ಚುವಾಗಲೂ ಎಚ್ಚರ ಬೇಕು. ಉದ್ದ ಹೆಚ್ಚಾದ ಸ್ಕ್ರೂ ಹಾಕಿದರೆ ಅದರ ಮೊನೆ ಒಳಗಿನ ವೈರನ್ನು ಉಜ್ಜುತ್ತ ಹೋಗುತ್ತದೆ.

ಕಿಂಡಿಯಿಂದಲೂ ಕಾಣದ ಜಾಗಗಳಿವೆ. 2018ರ ಏಪ್ರಿಲ್ 4ರಂದು ಫ್ಲಾರಿಡಾದ ಡೇಟೋನಾ ಬೀಚ್‌ನಲ್ಲಿ ತರಬೇತಿ ವಿಮಾನವೊಂದರ ಎಡ ರೆಕ್ಕೆ ಹಾರಾಟದಲ್ಲೇ ಕಳಚಿ ಇಬ್ಬರು ಸತ್ತರು. ಅದು ಪೈಪರ್ ಪಿಎ-28 ಕುಟುಂಬದ ವಿಮಾನ. ರೆಕ್ಕೆಯ ಮುಖ್ಯ ತೊಲೆಯಾದ ಸ್ಪಾರ್‌ನ ಕೆಳಭಾಗದಲ್ಲಿ, ಬೋಲ್ಟ್ ತೂತಿನ ಬಳಿ ಲೋಹ ದಣಿದು ಬಿರುಕು ಬಿಟ್ಟಿತ್ತು. ಗಮನಿಸಿ, ಆ ವಿಮಾನ ತಯಾರಾದದ್ದು 2007ರಲ್ಲಿ. ಆದರೆ ಅದು 7,000ಕ್ಕೂ ಹೆಚ್ಚು ಗಂಟೆ ಹಾರಿತ್ತು, ಅದೂ ಇಳಿಯುವುದು ಏರುವುದೇ ಹೆಚ್ಚಿರುವ ತರಬೇತಿಯಲ್ಲಿ. ಲೋಹಕ್ಕೆ ವಯಸ್ಸಾಗುವುದು ಹೊತ್ತ ಭಾರದಿಂದ.

ಇಂಥ ಬಿರುಕಿಗೆ ಟಾರ್ಚು, ಕನ್ನಡಿ ಸಾಲವು. ಬೋಲ್ಟ್ ತೆಗೆದು ತೂತಿನೊಳಗೆ ಸಣ್ಣ ಸುರುಳಿಯೊಂದನ್ನು ಇಳಿಸುತ್ತಾರೆ. ಅದರಲ್ಲಿ ಹರಿಯುವ ಪರ್ಯಾಯ ವಿದ್ಯುತ್ತು ಸುತ್ತಲಿನ ಲೋಹದಲ್ಲಿ ಸುಳಿ ಪ್ರವಾಹಗಳನ್ನು ಎಬ್ಬಿಸುತ್ತದೆ. ಬಿರುಕಿದ್ದರೆ ಸುಳಿಯ ದಾರಿ ಕದಡಿ ಉಪಕರಣದ ಪರದೆಯಲ್ಲಿ ಗೆರೆ ಜಿಗಿಯುತ್ತದೆ. ಡೇಟೋನಾ ದುರಂತದ ನಂತರ, ಹೆಚ್ಚು ದುಡಿದ ಇಂಥ ವಿಮಾನಗಳಿಗೆ ಅಮೆರಿಕದ ವಿಮಾನಯಾನ ಇಲಾಖೆ ಈ ಪರೀಕ್ಷೆಯನ್ನು ಕಡ್ಡಾಯ ಮಾಡಿತು. 2020ರ ಇನ್ನೊಂದು ಆದೇಶ ಸ್ಪಾರ್‌ಗೆ ಹಿಡಿಯುವ ಕಿಲುಬಿನ ಕುರಿತದ್ದು; ನೋಡಲು ದಾರಿಯಿಲ್ಲದ ಕೆಲವು ಪೈಪರ್ ರೆಕ್ಕೆಗಳಿಗೆ ಹೊಸ ಕಿಂಡಿ ಕೊರೆಯುವ ಕ್ರಮವೂ ಬಂತು. ಗಟ್ಟಿಮುಟ್ಟಾದ ರೆಕ್ಕೆಯನ್ನು ಕತ್ತರಿಸಲು ಮಾಲೀಕರು ಹಿಂಜರಿಯುವುದು ಸಹಜ. ಆದರೂ ಕೊರೆಯುವುದೇ ಸರಿ ಎಂಬುದು ನನ್ನ ನಿಲುವು: ಅಂಚಿಗೆ ಬಲವರ್ಧನೆಯ ಪಟ್ಟಿ ಕೂರಿಸಿ ಕೊಟ್ಟ ಕಿಂಡಿಯಿಂದ ರೆಕ್ಕೆ ಸೋಲುವುದಿಲ್ಲ, ಒಳಗೇ ಬೆಳೆಯುವ ಕಿಲುಬಿನಿಂದ ಸೋಲುತ್ತದೆ.