ನಾಣ್ಯದ ಲೋಹ ಮತ್ತು ನಮ್ಮ ಝಕಾತ್

ಶುಕ್ರವಾರ ಸೂರಃ ಅಲ್‌ಕಹ್ಫ್ ಓದುವವರಿಗೆ ಗುಹೆಯ ಯುವಕರ ವೃತ್ತಾಂತ ಗೊತ್ತಿದೆ. ದೀರ್ಘ ನಿದ್ದೆಯಿಂದ ಎದ್ದ ಅವರು ಆಹಾರ ತರಲು ಒಬ್ಬನನ್ನು ಪಟ್ಟಣಕ್ಕೆ ಕಳುಹಿಸುತ್ತಾರೆ. ಅವನ ಕೈಗೆ ಕೊಟ್ಟ ಹಣವನ್ನು ಖುರ್‌ಆನ್ ‘ವರಿಕ್’ ಎಂದು ಕರೆದಿದೆ (18:19). ವರಿಕ್ ಎಂದರೆ ಬೆಳ್ಳಿ, ಮುಖ್ಯವಾಗಿ ನಾಣ್ಯವಾಗಿ ಅಚ್ಚಾದ ಬೆಳ್ಳಿ. ಹಣಕ್ಕೂ ಲೋಹಕ್ಕೂ ಒಂದೇ ಹೆಸರು. ಇಂದು ನಮ್ಮ ಜೇಬಿನ ನಾಣ್ಯ ಯಾವ ಲೋಹದ್ದು ಎಂದು ನಾವು ಯೋಚಿಸುವುದೇ ಇಲ್ಲ. ಆದರೆ ಝಕಾತ್ ಮತ್ತು ವಾರೀಸು ಹಂಚಿಕೆಯ ವಿಷಯದಲ್ಲಿ ಯೋಚಿಸಲೇಬೇಕಾದ ಸಂದರ್ಭಗಳಿವೆ. ಅಂಥದ್ದೊಂದು ಕಳೆದ ರಮಝಾನಿನಲ್ಲಿ ನನ್ನ ಮುಂದೆ ಬಂತು. ಅದಕ್ಕೆ ಮೊದಲು ಸ್ವಲ್ಪ ಇತಿಹಾಸ.

ಪ್ರವಾದಿ(ಸ)ರ ಕಾಲದಲ್ಲಿ ಅರಬರಿಗೆ ಸ್ವಂತ ನಾಣ್ಯವಿರಲಿಲ್ಲ. ರೋಮನರ ಚಿನ್ನದ ದೀನಾರ್ ಮತ್ತು ಪಾರಸಿಕರ ಬೆಳ್ಳಿಯ ದಿರ್ಹಮ್ ಮಕ್ಕಾ, ಮದೀನಾದ ಪೇಟೆಗಳಲ್ಲಿ ಓಡಾಡುತ್ತಿದ್ದವು. ಹಿಜರಿ 77ರಲ್ಲಿ ಖಲೀಫ ಅಬ್ದುಲ್ ಮಲಿಕ್ ಬಿನ್ ಮರ್ವಾನ್ ಚಿತ್ರಗಳಿಲ್ಲದ, ಬರೀ ಅಕ್ಷರಗಳಿರುವ ದೀನಾರ್ ಹೊರಡಿಸಿದರು. ಅದರ ತೂಕ ಸುಮಾರು 4.25 ಗ್ರಾಂ. ಹತ್ತು ದಿರ್ಹಮ್‌ಗಳ ತೂಕ ಏಳು ದೀನಾರ್‌ಗೆ ಸಮ ಎಂಬ ಲೆಕ್ಕದಲ್ಲಿ ದಿರ್ಹಮ್ ಸುಮಾರು 2.97 ಗ್ರಾಂ ಆಗುತ್ತದೆ. ಝಕಾತ್‌ನ ನಿಸಾಬ್ 20 ದೀನಾರ್ ಅಥವಾ 200 ದಿರ್ಹಮ್. ಚಿಲ್ಲರೆ ವ್ಯವಹಾರಕ್ಕೆ ತಾಮ್ರದ ‘ಫುಲೂಸ್’ ಇತ್ತು. ದಿರ್ಹಮ್ ಹೋಗಿ ಕೈಯಲ್ಲಿ ಬರೀ ಫುಲೂಸ್ ಉಳಿದವನೇ ‘ಮುಫ್ಲಿಸ್’, ದಿವಾಳಿಯಾದವನು.

ಚಿನ್ನ ತುಕ್ಕು ಹಿಡಿಯುವುದಿಲ್ಲ, ಬೆಳ್ಳಿ ಕಪ್ಪಾದರೂ ಕೊಳೆಯುವುದಿಲ್ಲ. ಆದರೆ ಎರಡೂ ಮೆದು. ಕೈಯಿಂದ ಕೈಗೆ ಓಡಾಡಿ ಸವೆಯುತ್ತವೆ. ಗಟ್ಟಿಯಾಗಲೆಂದು ತಾಮ್ರ ಬೆರೆಸುತ್ತಾರೆ. ಈ ಬೆರಕೆ ಎಷ್ಟು ಎಂಬಲ್ಲೇ ಫಿಕ್ಹ್‌ನ ಪ್ರಶ್ನೆ ಹುಟ್ಟುವುದು.

ನಮ್ಮ ನಾಡಿನಲ್ಲಿ ಟಿಪ್ಪು ಸುಲ್ತಾನರು ಚಿನ್ನದ ನಾಣ್ಯಕ್ಕೆ ಅಹ್ಮದಿ, ಬೆಳ್ಳಿಯ ರೂಪಾಯಿಗೆ ಇಮಾಮಿ, ತಾಮ್ರದ ಪೈಸೆಗೆ ಶುಕ್ರಗ್ರಹದ ಹೆಸರಾದ ಝುಹ್ರಾ ಎಂದು ಹೆಸರಿಟ್ಟಿದ್ದರು. ಅವು ಈಗ ಮ್ಯೂಸಿಯಂಗಳಲ್ಲಿವೆ. ಮನೆಗಳಲ್ಲಿ ಉಳಿದಿರುವುದು ಹೆಚ್ಚಾಗಿ ಬ್ರಿಟಿಷರ ಕಾಲದ ರೂಪಾಯಿ.

ಆ ರೂಪಾಯಿಯ ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ‘ಒಂದು ರೂಪಾಯಿ ತೂಕ’ ಎಂದು ಹಿರಿಯರು ಹೇಳುತ್ತಿದ್ದುದು ಇದಕ್ಕೇ. ವಿಕ್ಟೋರಿಯಾ, ಎಡ್ವರ್ಡ್, ಐದನೇ ಜಾರ್ಜ್ ಇವರ ರೂಪಾಯಿಗಳಲ್ಲಿ 12 ಪಾಲಿಗೆ 11 ಪಾಲು ಬೆಳ್ಳಿ. ಶುದ್ಧ ಬೆಳ್ಳಿ 10.69 ಗ್ರಾಂ. ಎರಡನೇ ಮಹಾಯುದ್ಧದಲ್ಲಿ ಬೆಳ್ಳಿಯ ಅಭಾವವಾಗಿ 1940ರಿಂದ ಅದನ್ನು ಅರ್ಧಕ್ಕೆ ಇಳಿಸಿದರು. ಉಳಿದರ್ಧ ತಾಮ್ರ, ನಿಕ್ಕಲ್, ಸತು. ಹೊರನೋಟಕ್ಕೆ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. 1947ರ ಇಸವಿಯ ರೂಪಾಯಿಯಲ್ಲಿ ಬೆಳ್ಳಿ ಇಲ್ಲವೇ ಇಲ್ಲ, ಪೂರ್ತಿ ನಿಕ್ಕಲ್. ಅದರ ಹಿಂಬದಿಯಲ್ಲಿ ಹುಲಿಯ ಚಿತ್ರವಿದೆ.

ರಮಝಾನಿನಲ್ಲಿ ಮೂವರು ಸಹೋದರರು ನನ್ನ ಬಳಿ ಬಂದರು. ತೀರಿಹೋದ ತಾಯಿಯ ಪೆಟ್ಟಿಗೆಯಲ್ಲಿ 63 ರೂಪಾಯಿ ನಾಣ್ಯಗಳಿದ್ದವಂತೆ. ತಂದೆ ಮೊದಲೇ ತೀರಿಕೊಂಡಿದ್ದರು. ಮೂವರು ಗಂಡುಮಕ್ಕಳು, ಒಬ್ಬಳು ಹೆಣ್ಣುಮಗಳು, ಏಳು ಪಾಲು. 63ನ್ನು ಏಳರಿಂದ ಭಾಗಿಸಿ, ತಲಾ 18 ತಾವು ಇಟ್ಟುಕೊಂಡು ತಂಗಿಗೆ 9 ಕೊಟ್ಟಿದ್ದರು. “ಹಜ್ರತ್, ಇದಕ್ಕೆ ಝಕಾತ್ ಇದೆಯೇ?” ಎಂಬುದಷ್ಟೇ ಅವರ ಪ್ರಶ್ನೆ.

ಇಸವಿ ನೋಡಿ ಎಂದೆ. 40 ಹಳೆಯ ಬೆಳ್ಳಿಯವು, 14 ಅರ್ಧ ಬೆಳ್ಳಿಯವು, 9 ಹುಲಿ ಚಿತ್ರದವು. ಆ ಒಂಬತ್ತೂ ತಂಗಿಯ ಪಾಲಿಗೆ ಹೋಗಿದ್ದವು! ಮೋಸದ ಉದ್ದೇಶ ಅವರಿಗಿರಲಿಲ್ಲ. ಬೆಳ್ಳಿಯವು ಕಪ್ಪಾಗಿದ್ದವು, ನಿಕ್ಕಲ್‌ನವು ಹೊಳೆಯುತ್ತಿದ್ದವು, ಚೆನ್ನಾಗಿರುವುದನ್ನೇ ತಂಗಿಗೆ ಕೊಟ್ಟೆವು ಎಂದುಕೊಂಡಿದ್ದರು. ಪೆಟ್ಟಿಗೆಯಲ್ಲಿದ್ದ ಶುದ್ಧ ಬೆಳ್ಳಿ ಸುಮಾರು 509 ಗ್ರಾಂ. ತಂಗಿಯ ಏಳನೇ ಒಂದು ಪಾಲು ಸುಮಾರು 73 ಗ್ರಾಂ. ಅವಳಿಗೆ ಸಿಕ್ಕ ಬೆಳ್ಳಿ ಸೊನ್ನೆ. ವಾರೀಸು ಹಂಚುವಾಗ ಎಣಿಕೆ ಸಾಲದು, ಬೆಲೆ ನೋಡಬೇಕು.

ಇನ್ನು ಝಕಾತ್. ನಮ್ಮಲ್ಲಿ ಒಳನಾಡಿನ ಹೆಚ್ಚಿನವರು ಹನಫೀಗಳು, ಕರಾವಳಿಯಲ್ಲಿ ಶಾಫಿಈಗಳು ಹೆಚ್ಚು. ಹನಫೀ ಮದ್‌ಹಬ್‌ನಲ್ಲಿ ಬೆಳ್ಳಿಯೇ ಹೆಚ್ಚಿರುವ ನಾಣ್ಯದ ಇಡೀ ತೂಕವನ್ನು ಬೆಳ್ಳಿಯೆಂದೇ ಎಣಿಸುತ್ತಾರೆ. ಅರ್ಧಕ್ಕರ್ಧ ಇದ್ದರೆ ಭಿನ್ನಾಭಿಪ್ರಾಯವಿದೆ, ಎಚ್ಚರಿಕೆಗಾಗಿ ಅದನ್ನೂ ಸೇರಿಸಬೇಕೆಂಬುದು ಆಯ್ದ ಅಭಿಪ್ರಾಯ. ನಮ್ಮ ಹನಫೀ ಉಲಮಾಗಳ ಲೆಕ್ಕದಲ್ಲಿ ಬೆಳ್ಳಿಯ ನಿಸಾಬ್ ಐವತ್ತೆರಡೂವರೆ ತೊಲ, 612 ಗ್ರಾಂ ಚಿಲ್ಲರೆ. ಪೆಟ್ಟಿಗೆಯ 54 ನಾಣ್ಯಗಳ ತೂಕ ಸುಮಾರು 630 ಗ್ರಾಂ. ತಾಯಿ ಬದುಕಿದ್ದಾಗ ಈ ಪೆಟ್ಟಿಗೆಯೊಂದೇ ನಿಸಾಬ್ ಮುಟ್ಟಿತ್ತು! ಶಾಫಿಈ ಮದ್‌ಹಬ್‌ನಲ್ಲಿ ಶುದ್ಧ ಬೆಳ್ಳಿ ಮಾತ್ರ ಲೆಕ್ಕ. 595 ಗ್ರಾಂ ನಿಸಾಬ್‌ಗೆ 509 ಗ್ರಾಂ ಸಾಲದು. ಈಗ ಪಾಲಾದ ಮೇಲೆ, ಹನಫೀಗಳಾದ ಈ ಸಹೋದರರು ತಮ್ಮ ತಮ್ಮ ಪಾಲನ್ನು ತಮ್ಮ ಚಿನ್ನ ಮತ್ತು ನಗದಿನ ಜೊತೆ ಸೇರಿಸಿ ನೋಡಬೇಕು. ಒಂದು ರೂಪಾಯಿ ಎಂದು ಬರೆದಿದೆಯೆಂದು ಒಂದು ರೂಪಾಯಿ ಎಂದು ಎಣಿಸಬಾರದು. ಅಂದಿನ ಬೆಳ್ಳಿಯ ದರ ಕೇಳಿ, ಅದರ ನಲವತ್ತನೇ ಒಂದು ಪಾಲು ಕೊಡಬೇಕು.

ಅಲ್ಯೂಮಿನಿಯಂ ಪೈಸೆ, ಸ್ಟೀಲಿನ ಒಂದು ರೂಪಾಯಿ, ಎರಡು ಲೋಹದ ಹತ್ತು ರೂಪಾಯಿ ಇವುಗಳಿಗೆ ಈ ತೊಂದರೆ ಇಲ್ಲ. ಚಲಾವಣೆಯಲ್ಲಿರುವ ನಾಣ್ಯವನ್ನು ನೋಟಿನಂತೆ ಮುಖಬೆಲೆಗೆ ಎಣಿಸಿದರಾಯಿತು.

ಮನೆಯಲ್ಲಿ ಹಳೆಯ ನಾಣ್ಯವಿದ್ದರೆ ಆಯಸ್ಕಾಂತ ಹಿಡಿದು ನೋಡಿ. ನಿಕ್ಕಲ್ ಅಂಟುತ್ತದೆ, ಬೆಳ್ಳಿ ಅಂಟುವುದಿಲ್ಲ. ಆದರೆ ತಾಮ್ರವೂ ಅಲ್ಯೂಮಿನಿಯಮ್ಮೂ ಅಂಟುವುದಿಲ್ಲ, ಹಾಗಾಗಿ ಇಸವಿಯನ್ನೂ ನೋಡಿ. ಹಳೆಯ ಬೆಳ್ಳಿ ಕೊಟ್ಟು ಹೊಸ ಬೆಳ್ಳಿ ಆಭರಣ ಕೊಳ್ಳುವವರು ನೇರ ಬದಲಾವಣೆ ಮಾಡಿಕೊಳ್ಳಬೇಡಿ. ಬೆಳ್ಳಿಗೆ ಬೆಳ್ಳಿ ಕೊಡುವಾಗ ತೂಕ ಹೆಚ್ಚುಕಡಿಮೆಯಾದರೆ ಬಡ್ಡಿಯಾಗುತ್ತದೆ. ಮೊದಲು ಮಾರಿ ಹಣ ಪಡೆದು, ಆ ಹಣದಿಂದ ಕೊಳ್ಳಿ.

ಆ ಸಹೋದರರು ಅಕ್ಕಸಾಲಿಗರಲ್ಲಿ ತೂಗಿಸಿ, ಐದನೇ ಜಾರ್ಜ್‌ನ ಏಳು ರೂಪಾಯಿಗಳನ್ನು ತಂಗಿಯ ಮನೆಗೆ ತಲುಪಿಸಿದರು. ಹುಲಿ ನಾಣ್ಯಗಳನ್ನು ವಾಪಸು ಕೇಳಲಿಲ್ಲ.