ಹೊಳೆ ಉಕ್ಕಿದಾಗ ಮೀನಿನ ಗತಿ ಏನು?

ಪ್ರವಾಹ ಬಂದ್ರೆ ಮೀನಿಗೇನು ಕಷ್ಟ?
ನೀರು ಹೆಚ್ಚಾದಷ್ಟೂ ಹಬ್ಬ ಅಲ್ವಾ?
ಹಾಗೇನಿಲ್ಲ!

ಪಶ್ಚಿಮ ಘಟ್ಟದ ತೊರೆಗಳಲ್ಲಿ
ಗಾರಾ ಅನ್ನೋ ಪುಟ್ಟ ಮೀನಿದೆ.
ಬಾಯಿ ಕೆಳಗೆ ದುಂಡನೆಯ ತಟ್ಟೆ.
ಗೋಡೆಗೆ ಹಲ್ಲಿ ಕಚ್ಚಿಕೊಂಡ ಹಾಗೆ
ಬಂಡೆಗೆ ಅಂಟಿ ನಿಲ್ಲುತ್ತೆ.
ಮಾಮೂಲಿ ಮಳೆಗಾಲದ ಸೆಳೆತಕ್ಕೆ ಜಗ್ಗಲ್ಲ.

ಆದ್ರೆ 2018ರ ಆಗಸ್ಟ್,
ಕೊಡಗು ನೆನಪಿದ್ಯಾ?
ಗುಡ್ಡಗಳೇ ಕುಸಿದ್ವು.
ಅಂಥ ನೆರೆಯಲ್ಲಿ ಬಂಡೆಯೇ ಉರುಳುತ್ತೆ.
ಇನ್ನು ಅಂಟಿಕೊಳ್ಳೋದು ಯಾವುದಕ್ಕೆ?

ಕೆಸರು ಕಿವಿರಿಗೆ ಮೆತ್ತಿ
ಉಸಿರಾಟ ಕಷ್ಟವಾಗುತ್ತೆ.
ಕಲ್ಲಿನ ಸಂದಿಯ ಮೊಟ್ಟೆಗಳ ಮೇಲೆ
ಹೂಳು ಕೂರುತ್ತೆ.
ಈಜಲಾರದ ಮರಿಗಳು ಕೊಚ್ಚಿಹೋಗುತ್ತವೆ.

ಹೊಳೆಯಲ್ಲಿ ಮತ್ತೆ ಮೀನು ತುಂಬೋದು ಹೇಗೆ?
ಪಕ್ಕದ ಸಣ್ಣ ತೊರೆಗಳಲ್ಲಿ ಬದುಕುಳಿದ ಮೀನುಗಳು
ನೀರಿಳಿದ ಮೇಲೆ ವಾಪಸ್ ಬರುತ್ತವೆ.
ನಡುವೆ ಅಡ್ಡಗಟ್ಟೆ ಇದ್ರೆ?
ದಾರಿ ಬಂದ್!

ನಿಮ್ಮೂರ ಸಣ್ಣ ತೊರೆಯನ್ನ
ಮುಚ್ಚೋಕೆ ಬಿಡಬೇಡಿ.
ಹೊಳೆಯ ಮೀನು ಉಳಿಯೋದು ಅದರಿಂದಲೇ.