ಎಸ್ ಅಳತೆಯ ಗೂಡ್ಸ್ ಡಬ್ಬಿಗೆ ರೆಸಿನ್ ಎರಕವೇ ಆಸರೆ

ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಲೋಕದಲ್ಲಿ 1:87 ಪ್ರಮಾಣದ ‘ಎಚ್‌ಒ’ ಹಾಗೂ 1:160 ಪ್ರಮಾಣದ ‘ಎನ್’ ಗಾಡಿಗಳದ್ದೇ ಕಾರುಬಾರು. ಇವುಗಳ ನಡುವೆ ಮೂಲೆಗುಂಪಾಗಿರುವುದು 1:64 ಪ್ರಮಾಣದ ‘ಎಸ್’. ನಲವತ್ತು ಅಡಿ ಉದ್ದದ ನಿಜವಾದ ಸರಕು ಡಬ್ಬಿ ಇದರಲ್ಲಿ ಏಳೂವರೆ ಅಂಗುಲಕ್ಕೆ ಇಳಿಯುತ್ತದೆ. ಕೈಗೂ ಕಣ್ಣಿಗೂ ಹದವಾದ ಗಾತ್ರ ಇದೇ ಎಂಬುದು ಅಭಿಮಾನಿಗಳ ವಾದ. 1946ರಿಂದ ಎ.ಸಿ. ಗಿಲ್ಬರ್ಟ್ ಕಂಪನಿಯ ‘ಅಮೆರಿಕನ್ ಫ್ಲೈಯರ್’ ಆಟಿಕೆ ರೈಲುಗಳು ಈ ಅಳತೆಯನ್ನು ಮನೆಮನೆಗೆ ತಲುಪಿಸಿದ್ದವು. 1960ರ ದಶಕದ ಕೊನೆಗೆ ಆ ಕಂಪನಿ ಕಣ್ಮರೆಯಾಯಿತು.

ಪ್ಲಾಸ್ಟಿಕ್ ಗಾಡಿಗಳನ್ನು ಕಾರ್ಖಾನೆಯಲ್ಲಿ ತಯಾರಿಸಲು ಲೋಹದ ಅಚ್ಚು ಬೇಕು. ಅದರ ಭಾರಿ ವೆಚ್ಚ ಸಾವಿರಾರು ಗಾಡಿಗಳು ಮಾರಾಟವಾದರಷ್ಟೇ ಗಿಟ್ಟುತ್ತದೆ. ಹಿಂದೆ ಅಮೆರಿಕದ ರೈಲ್ವೆ ಕಂಪನಿಗಳು ಹಲವಾಗಿದ್ದವು. ಒಂದೊಂದರ ಡಬ್ಬಿಯ ಬಾಗಿಲು, ಚಾವಣಿ, ಪಕ್ಕದ ಪಟ್ಟಿಗಳು ಬೇರೆ ಬೇರೆ. ನಿರ್ದಿಷ್ಟ ಕಂಪನಿಯ, ನಿರ್ದಿಷ್ಟ ವರ್ಷದ ಡಬ್ಬಿಯೇ ಬೇಕೆನ್ನುವ ಎಸ್ ಹವ್ಯಾಸಿಗಳು ಬೆರಳೆಣಿಕೆಯಷ್ಟು. ಅವರಿಗಾಗಿ ಲೋಹದ ಅಚ್ಚು ಕೆತ್ತಿಸುವ ಸಾಹಸಕ್ಕೆ ಯಾರು ಕೈಹಾಕುತ್ತಾರೆ?

ಈ ಕೊರತೆಯನ್ನು ತುಂಬುತ್ತಿರುವುದು ಸಣ್ಣ ತಯಾರಕರ ರೆಸಿನ್ ಕಿಟ್‌ಗಳು. ತಯಾರಕ ಮೊದಲು ಹಳೆಯ ನಕ್ಷೆ, ಛಾಯಾಚಿತ್ರಗಳನ್ನು ಆಧರಿಸಿ ಸ್ಟೈರೀನ್ ಹಾಳೆಯಿಂದ ಮೂಲ ಮಾದರಿಯನ್ನು ನಿರ್ಮಿಸುತ್ತಾನೆ. ಎರಕ ಗಟ್ಟಿಯಾಗುವಾಗ ಕೊಂಚ ಕುಗ್ಗುವುದರಿಂದ ಮಾದರಿಯನ್ನು ಕೂದಲೆಳೆಯಷ್ಟು ದೊಡ್ಡದಾಗಿ ಮಾಡುವುದುಂಟು. ಅದರ ಮೇಲೆ ದ್ರವರೂಪದ ಸಿಲಿಕೋನ್ ರಬ್ಬರ್ ಸುರಿದರೆ ಒಂದೊಂದು ರಿವೆಟ್ಟಿನ ಗುರುತೂ ಅಚ್ಚಿನಲ್ಲಿ ಮೂಡುತ್ತದೆ. ಅನಂತರ ಪಾಲಿಯುರಿಥೇನ್ ರೆಸಿನ್‌ನ ಎರಡು ದ್ರವಗಳನ್ನು ಬೆರೆಸಿ ಅಚ್ಚಿಗೆ ಎರೆಯಬೇಕು. ಬೆರೆಸಿದ ಕೆಲವೇ ನಿಮಿಷಗಳಲ್ಲಿ ಅದು ಬಿಗಿಯತೊಡಗುವುದರಿಂದ ತಡಮಾಡುವಂತಿಲ್ಲ. ಗಾಳಿಗುಳ್ಳೆ ಉಳಿದರೆ ಡಬ್ಬಿಯ ಮೈಮೇಲೆ ತೂತು ಖಚಿತ. ಇದನ್ನು ತಪ್ಪಿಸಲು ಅಚ್ಚನ್ನು ಒತ್ತಡದ ಪಾತ್ರೆಯಲ್ಲಿ ಇರಿಸಲಾಗುತ್ತದೆ. ರೆಸಿನ್‌ನ ಆವಿ ಶ್ವಾಸಕೋಶಕ್ಕೆ ಹಾನಿಕರ. ಗಾಳಿಯಾಡದ ಕೋಣೆಯಲ್ಲಿ ಈ ಕೆಲಸ ಸಲ್ಲದು.

ರಬ್ಬರ್ ಅಚ್ಚಿನ ಆಯುಷ್ಯವೂ ಅಲ್ಪ. ಕೆಲವು ಡಜನ್ ಎರಕಗಳಾಗುವಷ್ಟರಲ್ಲಿ ಅದು ಹರಿಯತೊಡಗುತ್ತದೆ, ಹೊಸದನ್ನು ಮಾಡಬೇಕಾಗುತ್ತದೆ. ಹೀಗಾಗಿ ಸಾಮಾನ್ಯ ಪ್ಲಾಸ್ಟಿಕ್ ಕಿಟ್‌ಗಿಂತ ಇದರ ಬೆಲೆ ಹೆಚ್ಚು. ಕೊಂಡವನಿಗೂ ಕೆಲಸ ತಪ್ಪಿದ್ದಲ್ಲ. ಅಚ್ಚಿನ ಜಿಡ್ಡನ್ನು ತೊಳೆದು, ಅಂಚುಗಳನ್ನು ಉಜ್ಜಿ, ತಂತಿಯ ಹಿಡಿಕೆಗಳನ್ನು ಕೂರಿಸಿ, ಬಣ್ಣ ಬಳಿಯಬೇಕು. ಸ್ಟೈರೀನ್‌ಗೆ ಬಳಸುವ ಅಂಟು ಇಲ್ಲಿ ಹಿಡಿಯದು. ಸೂಪರ್ ಗ್ಲೂ ಅಥವಾ ಎಪಾಕ್ಸಿ ಬೇಕು. ಚಕ್ರ ಮತ್ತು ಕೊಂಡಿಗಳನ್ನು ಅನೇಕ ವೇಳೆ ಪ್ರತ್ಯೇಕವಾಗಿಯೇ ಖರೀದಿಸಬೇಕಾಗುತ್ತದೆ.

ಒಬ್ಬಿಬ್ಬರ ಕೈಚಳಕವನ್ನೇ ನೆಚ್ಚಿರುವ ಈ ಉದ್ಯಮದಲ್ಲಿ ತಯಾರಕ ನಿವೃತ್ತನಾದರೆ ಅಥವಾ ತೀರಿಕೊಂಡರೆ, ಮೂಲ ಮಾದರಿಗಳನ್ನು ವಹಿಸಿಕೊಳ್ಳುವವರು ಸಿಗದಿದ್ದಲ್ಲಿ ಆ ಡಬ್ಬಿಗಳ ತಯಾರಿಕೆಯೂ ಅಲ್ಲಿಗೇ ನಿಲ್ಲುತ್ತದೆ. ತ್ರಿ-ಡಿ ಮುದ್ರಣ ಬಂದ ಮೇಲೆ ಈ ಆತಂಕ ಕೊಂಚ ಕಡಿಮೆಯಾಗಿದೆ, ಏಕೆಂದರೆ ಮಾದರಿಯ ವಿನ್ಯಾಸ ಕಂಪ್ಯೂಟರ್ ಕಡತವಾಗಿ ಉಳಿಯುತ್ತದೆ. ಆದರೂ ಮುದ್ರಿತ ಡಬ್ಬಿಯ ಚಪ್ಪಟೆ ಪಕ್ಕಗಳಲ್ಲಿ ಪದರಗಳ ಗೆರೆ ಕಾಣಿಸಿಕೊಳ್ಳುವುದುಂಟು. ಆದ್ದರಿಂದ ಮೂಲ ಮಾದರಿಯನ್ನಷ್ಟೇ ಮುದ್ರಿಸಿ, ಗೆರೆಗಳನ್ನು ಉಜ್ಜಿ ತೆಗೆದು, ಮಿಕ್ಕದ್ದನ್ನು ಹಳೆಯ ರಬ್ಬರ್ ಅಚ್ಚಿಗೇ ಒಪ್ಪಿಸುವ ತಯಾರಕರೂ ಇದ್ದಾರೆ.